ಕಾರ್ಯಪ್ಪನವರು ಹತ್ತದ ಜೀಪು

ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರ ಮದ್ದುಸೊಪ್ಪಿನ ಪಾಯಸಕ್ಕೆಂದು ಪೊನ್ನಂಪೇಟೆಯ ಬೋಪಯ್ಯನ ಮನೆಗೆ ಹೋದ ನಮಗೆ ಮೊದಲು ಬಡಿಸಿದ್ದು ಪಾಯಸವನ್ನಲ್ಲ, ಒಂದು ವರ್ಷದ ಕರಿಮೆಣಸು ಮಾರಿದ ಹಣದಲ್ಲಿ ಆತ ಕೊಂಡು ತಂದು ಟಾರ್ಪಾಲಿನಡಿ ಮುಚ್ಚಿಟ್ಟಿದ್ದ ಜೀಪನ್ನು.

“1943ರ ಫೋರ್ಡ್ ಜೀಪು. ಬರ್ಮಾ ಯುದ್ಧಕ್ಕೆ ಹೋಗಿ ಬಂದದ್ದು. ಕಾರ್ಯಪ್ಪನವರು ಇದರಲ್ಲೇ ಓಡಾಡುತ್ತಿದ್ದರಂತೆ” ಎಂದು ಬೋಪಯ್ಯ ಟಾರ್ಪಾಲು ಸರಿಸಿದ.

ನಲವತ್ತು ವರ್ಷ ಗ್ಯಾರೇಜು ನಡೆಸಿದ ಮುತ್ತಣ್ಣ ಮುಂದಿನ ಜಾಲರಿಯ ಸೀಳುಗಳನ್ನು ಎಣಿಸಿದ. “ಯುದ್ಧದ ಜೀಪಿಗೆ ಒಂಬತ್ತು ಸೀಳು, ಇದಕ್ಕೆ ಏಳೇ ಇವೆ. ಉಳಿದೆರಡು ಬರ್ಮಾದಲ್ಲಿ ಹುತಾತ್ಮರಾದವೇನೋ. ಇನ್ನು ಈ ಎತ್ತರದ ಬಾನೆಟ್ ನೋಡು. ಇನ್‌ಲೆಟ್ ವಾಲ್ವನ್ನು ಎಂಜಿನ್ನಿನ ತಲೆಗೇರಿಸಿದ್ದರಿಂದ ಎಂಜಿನ್ ಎತ್ತರವಾಯಿತು, ಅದಕ್ಕೆ ಜಾಗ ಮಾಡಲು ಬಾನೆಟ್ಟನ್ನೂ ಏರಿಸಿದರು. ಇದು ಸಿಜೆ-3ಬಿ, ಆ ಮಾದರಿ ಹುಟ್ಟಿದ್ದೇ 1953ರಲ್ಲಿ.”

“ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದದ್ದು 1953ರ ಜನವರಿಯಲ್ಲಿ” ಎಂದರು ಚರಿತ್ರೆಯ ಮೇಷ್ಟ್ರಾಗಿದ್ದ ಭಟ್ಟರು. “ಆಮೇಲೆ ಹೈಕಮಿಷನರ್ ಆಗಿ ಆಸ್ಟ್ರೇಲಿಯಕ್ಕೆ ಹೋದರು. ಹುಟ್ಟದ ಕುದುರೆಗೆ ಜೀನು ಕಟ್ಟಿದ್ದಾನಲ್ಲ ನಿನ್ನ ಬ್ರೋಕರ್!”

ನಮ್ಮ ಜಿಲ್ಲೆಯಲ್ಲಿ ಕಾಲು ಮುರಿದ ಕುರ್ಚಿಯ ಮೇಲೂ ಒಬ್ಬ ಜನರಲ್‌ರನ್ನು ಕೂರಿಸಿದರೆ ಬೆಲೆ ಏರುತ್ತದೆಂಬುದು ಬ್ರೋಕರುಗಳಿಗೆ ಚೆನ್ನಾಗಿ ಗೊತ್ತು.

“ಆದರೆ ಬೋಲ್ಟುಗಳ ಮೇಲೆ ‘ಎಫ್’ ಅಕ್ಷರವಿದೆಯಲ್ಲ?” ಎಂದು ಬೋಪಯ್ಯ ಪಟ್ಟು ಬಿಡಲಿಲ್ಲ. ಫೋರ್ಡ್ ತನ್ನ ಬೋಲ್ಟುಗಳಿಗೆ ಹಾಗೆ ಗುರುತು ಹಾಕುತ್ತಿದ್ದದ್ದು ನಿಜವೇ. ಮುತ್ತಣ್ಣ ಟಾರ್ಚ್ ಬಿಟ್ಟು ನೋಡಿದರೆ, ಒಂದು ‘ಎಫ್’ ಆಕಾಶ ನೋಡುತ್ತಿತ್ತು, ಇನ್ನೊಂದು ಮಗ್ಗುಲಾಗಿ ಮಲಗಿತ್ತು, ಮೂರನೆಯದಕ್ಕೆ ಉಳಿಯ ಪೆಟ್ಟು ಜಾರಿ ಬಾಲ ಬಂದಿತ್ತು. ಇಂಚಿನ ಲೆಕ್ಕದ ಕಾಲದ ಆ ಬೋಲ್ಟಿಗೆ ಹತ್ತು ಮಿಲಿಮೀಟರಿನ ಸ್ಪ್ಯಾನರ್ ಅಳೆದು ಮಾಡಿಸಿದಂತೆ ಕೂತಿತು. ಫ್ರಿಜ್ಜಿನ ಮೇಲಿದ್ದ ಆಯಸ್ಕಾಂತವನ್ನು ತಂದು ಮಡ್‌ಗಾರ್ಡಿಗೆ ಅಂಟಿಸಿದರೆ ಅದು ನಿಲ್ಲದೆ ಜಾರಿ ನೆಲಕ್ಕೆ ಬಿತ್ತು. ಹಸಿರು ಬಣ್ಣದ ಕೆಳಗೆ ತಗಡಿಗಿಂತ ತಗ್ಗು ತುಂಬುವ ಪುಟ್ಟಿಯೇ ಹೆಚ್ಚಿತ್ತು.

“ರಿಪೇರಿ ಮಾಡಿಸಿದ್ದು ಮೋಸವೇ?” ಎಂದು ಬೋಪಯ್ಯ ಕೆರಳಿದ. “ನಮ್ಮ ಕುಲದ ಮೂಲಮನೆ, ಐನ್‌ಮನೆಯ ಹೆಂಚು, ತೊಲೆ, ನೆಲ ಎಲ್ಲವೂ ಬದಲಾಗಿವೆ. ಅದು ಐನ್‌ಮನೆಯಲ್ಲವೇ?”

ಭಟ್ಟರು ಹಿಗ್ಗಿದರು. “ಇದೇ ವ್ಯಾಜ್ಯ 1990ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ನಡೆದಿತ್ತು. 1929 ಮತ್ತು 1930ರಲ್ಲಿ ಲ ಮಾನ್ಸ್ ರೇಸ್ ಗೆದ್ದ ಬೆಂಟ್ಲಿ ಕಾರಿಗೆ ಒಂದು ಕೋಟಿ ಪೌಂಡ್ ಕೊಡಲು ಒಪ್ಪಿದವರು, ಇದು ಅಸಲಿಯಲ್ಲವೆಂದು ತಕರಾರು ತೆಗೆದರು. 1929ರ ಬಿಡಿಭಾಗಗಳು ಅದರಲ್ಲಿ ಉಳಿದದ್ದು ಅಲ್ಪಸ್ವಲ್ಪವಾದರೂ ಅದರ ಬಾಳು ಎಲ್ಲೂ ತುಂಡಾಗದೆ ನಡೆದು ಬಂದಿರುವುದರಿಂದ ಅದು ಅದೇ ಕಾರು ಎಂದು ನ್ಯಾಯಾಧೀಶರು ತೀರ್ಪಿತ್ತರು.”

“ನೋಡಿದಿರಾ!”

“ನಿನ್ನದು ಐನ್‌ಮನೆಯ ಒಂದು ಕಂಬವನ್ನು ಗುಜರಿಯಿಂದ ತಂದು, ಸುತ್ತ ಹೋಮ್‌ಸ್ಟೇ ಕಟ್ಟಿ, ಇನ್ನೂರು ವರ್ಷದ ಮನೆಯೆಂದು ಬಾಡಿಗೆ ಕೇಳಿದ ಹಾಗೆ” ಎಂದ ಮುತ್ತಣ್ಣ. “ಆ ಕಂಬವೂ ಅಸಲಿಯಲ್ಲ, ಅದು ಬೇರೆ ಮಾತು.”

ಬೋಪಯ್ಯ ಬಹಳ ಹೊತ್ತು ಪಾಯಸವನ್ನು ಕಲಕುತ್ತಾ ಕುಳಿತಿದ್ದು, ಕೊನೆಗೆ ಮೆಲ್ಲಗೆ ಕೇಳಿದ: “ನಾನು ಮಾರುವಾಗ ಜನರಲ್ ತಿಮ್ಮಯ್ಯನವರದೆಂದು ಹೇಳಿದರೆ ನಡೆಯಬಹುದೇ? ಅವರು 1961ರವರೆಗೆ ಸೇನೆಯಲ್ಲಿದ್ದರಲ್ಲ.”

ಭಟ್ಟರು ಆರ್‌ಸಿ ಪುಸ್ತಕವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, “1974 ಎಂದಿದೆಯಪ್ಪ” ಎಂದರು.