ಅಪ್‌ಡೇಟ್: ಬಾದಾಮಿ ಶಾಸನದ ದೊಡ್ಡ ಫೋಟೋ ಈಗ ಮೊಬೈಲ್‌ನಲ್ಲೂ ಜೂಮ್ ಆಗುತ್ತಿದೆ

ಬಾದಾಮಿಯ ಮೂರನೇ ಗುಹೆಯಲ್ಲಿರುವ, ಚಾಲುಕ್ಯ ವಂಶದ ಮಂಗಲೇಶನ ಶಾಸನ (ಕ್ರಿ.ಶ. 578) ಇದೆಯಲ್ಲ, ಅದರ ಫೋಟೋವನ್ನು ನನ್ನ ವೆಬ್‌ಸೈಟಿಗೆ ಹಾಕೋದು ಹೇಗೆ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಹಲವು ಫೋಟೋ ಜೋಡಿಸಿದ ಚಿತ್ರ, 20,000 × 15,000 ಪಿಕ್ಸೆಲ್. ಮೊಬೈಲ್‌ನಲ್ಲಿ ತೆರೆಯುತ್ತಲೇ ಇರಲಿಲ್ಲ. ಚಿಕ್ಕದು ಮಾಡಿದರೆ ಅಕ್ಷರ ಕಾಣಲ್ಲ.

ನೀವು ಹೇಳಿದ ಹಾಗೆ ತುಂಡು ಮಾಡಿ ಹಾಕಿದೆ. ಕೆಲಸ ಆಯ್ತು! ಲಿಬ್‌ವಿಪ್ಸ್ (libvips) ಅನ್ನೋ ಚಿತ್ರ ಸಂಸ್ಕರಣೆ ಸಾಫ್ಟ್‌ವೇರ್‌ನ ಡಿಝಡ್‌ಸೇವ್ (dzsave) ಕಮಾಂಡ್ ಒಂದೇ ಸಾಕು. ಅದು ಚಿತ್ರವನ್ನು ಹಂತ ಹಂತವಾಗಿ ಅರ್ಧಕ್ಕೆ ಇಳಿಸುತ್ತಾ, ಪ್ರತಿ ಹಂತವನ್ನೂ ಸುಮಾರು 256 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತದೆ. ಪುಟದಲ್ಲಿ ಜೂಮ್ ಮಾಡಿ ತೋರಿಸೋಕೆ ಓಪನ್‌ಸೀಡ್ರಾಗನ್ (OpenSeadragon) ಅನ್ನೋ ಜಾವಾಸ್ಕ್ರಿಪ್ಟ್ ವೀಕ್ಷಕ. ಅದು ಉಚಿತ. ನೋಡುವವರ ಪರದೆಗೆ ಬೇಕಾದ ಚೌಕಗಳನ್ನಷ್ಟೇ ತರಿಸಿಕೊಳ್ಳುತ್ತದೆ, ಹಾಗಾಗಿ ಡೇಟಾ ಜಾಸ್ತಿ ಖರ್ಚಾಗಲ್ಲ. ಸರ್ವರ್‌ನಲ್ಲಿ ಬೇರೆ ಪ್ರೋಗ್ರಾಂ ಏನೂ ಬೇಡ, ಸಾಮಾನ್ಯ ಹೋಸ್ಟಿಂಗ್ ಸಾಕು.

ತಲೆನೋವು ಅಂದ್ರೆ ಅಪ್‌ಲೋಡ್. ಈ ಅಳತೆಗೆ 6,000ಕ್ಕೂ ಹೆಚ್ಚು ಪುಟ್ಟ ಫೈಲ್ ಆಗುತ್ತವೆ. ಎಫ್‌ಟಿಪಿಯಲ್ಲಿ (ಸರ್ವರ್‌ಗೆ ಫೈಲ್ ಕಳಿಸುವ ವಿಧಾನ) ಒಂದೊಂದೇ ಹೋಗೋದು ನೋಡ್ತಾ ಕೂತರೆ ಬಾಗಲಕೋಟೆಯಿಂದ ಬಾದಾಮಿಗೆ ಹೋಗಿ ಬರಬಹುದು! ಜಿಪ್ ಮಾಡಿ ಕಳಿಸಿ, ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್‌ನಲ್ಲೇ ಬಿಚ್ಚಿಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಕಂಪ್ಯೂಟರಿನಲ್ಲಿ ಎಚ್‌ಟಿಎಂಎಲ್ ಫೈಲನ್ನು ನೇರವಾಗಿ ಡಬಲ್ ಕ್ಲಿಕ್ ಮಾಡಿದರೆ ಖಾಲಿ ಚೌಕ ಕಾಣಬಹುದು. ಬ್ರೌಸರ್‌ನ ಸುರಕ್ಷತಾ ನಿಯಮ ಅದು, ಗಾಬರಿ ಬೇಡ. ಲೋಕಲ್ ಸರ್ವರ್ (ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಪುಟ್ಟ ವೆಬ್ ಸರ್ವರ್) ಹಾಕಿ ನೋಡಿ. ಜೂಮ್ ಬಟನ್‌ಗಳ ಚಿತ್ರ ಬರದಿದ್ದರೆ ಓಪನ್‌ಸೀಡ್ರಾಗನ್‌ಗೆ ಆ ಚಿತ್ರಗಳ ಫೋಲ್ಡರ್ ಎಲ್ಲಿದೆ ಅಂತ ಹೇಳುವ ಪ್ರಿಫಿಕ್ಸ್‌ಯುಆರ್‌ಎಲ್ (prefixUrl) ಸೆಟ್ಟಿಂಗ್‌ನಲ್ಲಿ ದಾರಿ ಸರಿ ಇದೆಯಾ ನೋಡಿ.

ಮುಂದಿನದು ವಿಜಯಪುರದ ಇಬ್ರಾಹಿಂ ರೋಜಾದ ಗೋಡೆ ಬರಹ.