ಮದುವೆ ಮುರಿದ ಮೇಲೆ ಗ್ರೀನ್ ಕಾರ್ಡ್ ಅರ್ಜಿ ಹಿಂಪಡೆಯುವುದು: ವಲಸೆ ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಹಾಸನದ ಸದಸ್ಯೆ, ಈಗ ಟೆಕ್ಸಾಸ್‌ನಲ್ಲಿ): ನಮಸ್ಕಾರ ಮೇಡಂ. ನಾನು ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ವರ್ಷ ಅಮೆರಿಕದಲ್ಲೇ ಹುಟ್ಟಿದ ಕನ್ನಡಿಗರೊಬ್ಬರನ್ನು ಮದುವೆಯಾದೆ. ಅವರು ಐ-130 (ನನ್ನ ಪರವಾಗಿ ಸಂಗಾತಿಯ ಅರ್ಜಿ) ಹಾಕಿದರು, ಜೊತೆಯಲ್ಲೇ ನಾನು ಐ-485 (ಗ್ರೀನ್ ಕಾರ್ಡ್, ಅಂದರೆ ಕಾಯಂ ನಿವಾಸ ಕೋರುವ ನನ್ನ ಅರ್ಜಿ) ಹಾಕಿದೆ. ಈಗ ಬೇರೆ ಬೇರೆ ಮನೆಯಲ್ಲಿದ್ದೇವೆ. ಮತ್ತೆ ಕೂಡಿ ಬಾಳುವ ಲಕ್ಷಣವಿಲ್ಲ. ಇದರ ನಡುವೆ ಸಂದರ್ಶನದ ನೋಟಿಸ್ ಬಂದಿದೆ. ಅರ್ಜಿ ಹಿಂಪಡೆದರೆ ಮುಂದೆ ತೊಂದರೆಯಾಗುತ್ತದೆಯೇ? ಸಂದರ್ಶನಕ್ಕೆ ಹೋಗದೆ ಸುಮ್ಮನಿದ್ದುಬಿಟ್ಟರೆ ಸಾಕೇ? "ಆ ಒಂದು ದಿನ ಇಬ್ಬರೂ ಜೊತೆಗೆ ಹೋಗಿ ಬನ್ನಿ, ಕಾರ್ಡ್ ಕೈಗೆ ಬಂದ ಮೇಲೆ ಮಿಕ್ಕಿದ್ದು ನೋಡಿದರಾಯಿತು" ಎನ್ನುತ್ತಾರೆ ನಮ್ಮ ಮನೆಯವರು.

ಉತ್ತರ: ಮೊದಲು ಮನೆಯವರ ಮಾತಿಗೇ ಉತ್ತರಿಸುತ್ತೇನೆ. ದಯವಿಟ್ಟು ಅದನ್ನು ಕೇಳಬೇಡಿ. ಸಂಸಾರ ಮುರಿದು ಬೀಳುವುದು ಯಾವ ದೇಶದಲ್ಲೂ ಅಪರಾಧವಲ್ಲ. ಒಟ್ಟಿಗಿದ್ದೇವೆ ಎಂದು ಪ್ರಮಾಣ ಮಾಡಿ ಅಧಿಕಾರಿಯ ಮುಂದೆ ಸುಳ್ಳು ಹೇಳುವುದು ಅಪರಾಧ. ನಿಜವಾಗಿ ಆದ ಮದುವೆಯೂ ಆ ಒಂದು ಸುಳ್ಳಿನಿಂದ ಸಂಶಯಕ್ಕೆ ಒಳಗಾಗುತ್ತದೆ. ಮದುವೆಯೇ ವಂಚನೆ ಎಂದು ಕಡತದಲ್ಲಿ ತೀರ್ಮಾನವಾಗಿಬಿಟ್ಟರೆ, ವಲಸೆ ಕಾಯ್ದೆಯ 204(ಸಿ) ಕಲಮಿನ ಪ್ರಕಾರ ಮುಂದೆ ಯಾರೇ ನಿಮಗಾಗಿ ಅರ್ಜಿ ಹಾಕಿದರೂ, ಗಂಡನಾಗಲಿ ಕಂಪನಿಯಾಗಲಿ, ಅದು ಮಂಜೂರಾಗುವುದಿಲ್ಲ. ಅದಕ್ಕೆ ಕಾಲಮಿತಿಯೂ ಇಲ್ಲ.

ಬೇರೆ ಮನೆಯಲ್ಲಿದ್ದೀರಿ ಎಂಬ ಒಂದೇ ಕಾರಣಕ್ಕೆ ಅರ್ಜಿ ಸತ್ತುಹೋಗುವುದಿಲ್ಲ ಎಂಬುದೂ ನಿಮಗೆ ಗೊತ್ತಿರಲಿ. ಮದುವೆಯಾಗುವಾಗ ಕೂಡಿ ಬಾಳುವ ಉದ್ದೇಶವಿತ್ತೇ, ಮದುವೆ ಕಾನೂನಿನ ದೃಷ್ಟಿಯಲ್ಲಿ ಇನ್ನೂ ಊರ್ಜಿತದಲ್ಲಿದೆಯೇ ಎಂಬುದನ್ನು ನೋಡಬೇಕೆಂದು ವಲಸೆ ಮೇಲ್ಮನವಿ ಮಂಡಳಿ 1980ರಲ್ಲೇ ಹೇಳಿದೆ. ವಿಧ್ಯುಕ್ತವಾದ ಕಾನೂನುಬದ್ಧ ಪ್ರತ್ಯೇಕತೆಯ ಮಾತು ಬೇರೆ. ಆದ್ದರಿಂದ ಹಿರಿಯರು ಮಾತುಕತೆ ನಡೆಸುತ್ತಿದ್ದರೆ, ನಿಮ್ಮ ಮನಸ್ಸಿನ ಮೂಲೆಯಲ್ಲೂ ಆಸೆ ಉಳಿದಿದ್ದರೆ, ಸಂದರ್ಶನ ಮುಂದೂಡುವಂತೆ ಕೇಳಿಕೊಳ್ಳಬಹುದು. ಹಿಂಪಡೆಯುವ ಪತ್ರ ಒಮ್ಮೆ ಹೋದರೆ ಅದನ್ನು ರದ್ದು ಮಾಡಿಸಲು ನಿಯಮದಲ್ಲಿ ಅವಕಾಶವಿಲ್ಲ. ಹಾಗಾಗಿ ಜಗಳವಾಡಿದ ರಾತ್ರಿ ಈ ಪತ್ರ ಬರೆಯಬೇಡಿ.

ಇಲ್ಲ, ಮುಗಿದೇ ಹೋಗಿದೆ ಎನ್ನುವುದಾದರೆ, ಸಂದರ್ಶನಕ್ಕೆ ಗೈರುಹಾಜರಾಗುವುದಕ್ಕಿಂತ ಹಿಂಪಡೆಯುವುದೇ ಮೇಲು. ಗೈರಾದರೆ ಅರ್ಜಿಯನ್ನು ಕೈಬಿಟ್ಟಿದ್ದೀರೆಂದು ತಿರಸ್ಕರಿಸುತ್ತಾರೆ. "ನಿಮ್ಮ ಅರ್ಜಿ ಎಂದಾದರೂ ತಿರಸ್ಕೃತವಾಗಿದೆಯೇ" ಎಂಬ ಪ್ರಶ್ನೆಗೆ ಆಮೇಲೆ ಹೌದು ಎಂದು ಬರೆಯುತ್ತಿರಬೇಕಾಗುತ್ತದೆ. ನೀವು ಹಿಂಪಡೆಯಬಹುದಾದದ್ದು ನಿಮ್ಮ ಐ-485 ಮಾತ್ರ. ಐ-130 ನಿಮ್ಮ ಪತಿಯದು, ಅದನ್ನು ಹಿಂಪಡೆಯುವವರು ಅವರೇ.

ಪತ್ರ ಚಿಕ್ಕದಾಗಿರಲಿ. ನಮೂನೆಯಲ್ಲಿರುವಂತೆಯೇ ಹೆಸರು, ಹುಟ್ಟಿದ ದಿನಾಂಕ, ರಸೀದಿ ಸಂಖ್ಯೆ, ಎ-ಸಂಖ್ಯೆ (ನಿಮ್ಮ ವಲಸೆ ಕಡತದ ಸಂಖ್ಯೆ), "ಈ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ" ಎಂಬ ಒಂದು ವಾಕ್ಯ, ತಾರೀಖು, ಸಹಿ. ಕೊನೆಯದಾಗಿ ಬಂದ ನೋಟಿಸ್‌ನಲ್ಲಿರುವ ಕಚೇರಿಗೆ, ತಲುಪಿದ್ದಕ್ಕೆ ಪುರಾವೆ ಸಿಗುವ ಅಂಚೆಯಲ್ಲಿ ಕಳುಹಿಸಿ, ಪ್ರತಿ ಇಟ್ಟುಕೊಳ್ಳಿ. ಅರ್ಜಿ ನೋಡುವ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ನಿಂದ ಸ್ವೀಕೃತಿ ಬರುವವರೆಗೂ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ.

ನಿಮ್ಮ ಎಚ್-1ಬಿ ಚಾಲ್ತಿಯಲ್ಲಿದ್ದು ಅದರ ಮೇಲೆಯೇ ಕೆಲಸ ಮಾಡುತ್ತಿದ್ದರೆ ನೀವು ನಿಂತ ನೆಲ ಗಟ್ಟಿಯಾಗಿಯೇ ಇದೆ. ಎಚ್-1ಬಿಯವರು ವಲಸೆಯ ಉದ್ದೇಶ ಇಟ್ಟುಕೊಳ್ಳಲು ಕಾನೂನೇ ಒಪ್ಪುತ್ತದೆ, ಹಾಗಾಗಿ ಮುಂದೆ ಪಾಸ್‌ಪೋರ್ಟಿಗೆ ವೀಸಾ ಹಾಕಿಸಿಕೊಳ್ಳುವ ಸ್ಟಾಂಪಿಂಗ್‌ಗೆ ಇದು ಅಡ್ಡಿಯಾಗಬೇಕಿಲ್ಲ. ವೀಸಾ ಅರ್ಜಿ ನಮೂನೆಯಾದ ಡಿಎಸ್-160ರಲ್ಲಿ "ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಸಲ್ಲಿಸಿದ್ದಾರೆಯೇ" ಎಂದು ಕೇಳಿದಾಗ ಹೌದು ಎಂದೇ ಬರೆಯಿರಿ. ಕಂಪನಿಯ ಮೂಲಕ ನಿಮ್ಮ ಹೆಸರಿನಲ್ಲಿ ಐ-140 (ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ಅರ್ಜಿ) ಇದ್ದರೆ ಆ ಸರತಿಯಲ್ಲಿ ನಿಮ್ಮ ಸ್ಥಾನ ಕದಲುವುದಿಲ್ಲ. ಅಡ್ವಾನ್ಸ್ ಪೆರೋಲ್ (ಅರ್ಜಿ ಬಾಕಿ ಇರುವಾಗ ಹೊರಗೆ ಹೋಗಿ ಬರಲು ಕೊಡುವ ಅನುಮತಿ) ಬಳಸಿ ದೇಶದೊಳಗೆ ಬಂದದ್ದುಂಟಾದರೆ ಮಾತ್ರ ಪತ್ರಕ್ಕೆ ಮೊದಲು ಆ ವಿಷಯವನ್ನು ವಕೀಲರಿಗೆ ಹೇಳಿ.

ಇನ್ನೊಂದು ಮಾತು. ನಿಮ್ಮಿಬ್ಬರ ಅರ್ಜಿಗಳನ್ನೂ ಒಬ್ಬರೇ ವಕೀಲರು ಹಾಕಿರುತ್ತಾರೆ. ಈಗ ನಿಮ್ಮ ಹಿತ ಬೇರೆ, ಅವರ ಹಿತ ಬೇರೆ. ಸಲಹೆಗೆ ಬೇರೊಬ್ಬರನ್ನು ನೋಡಿಕೊಳ್ಳಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಮೇಡಂ, ನನ್ನದೂ ಇದೇ ಪರಿಸ್ಥಿತಿ, ಆದರೆ ನಾನು ಎಚ್-1ಬಿ ಬಿಟ್ಟು ಇಎಡಿ (ಕೆಲಸದ ಪರವಾನಗಿ) ಮೇಲೆ ಹೊಸ ಕೆಲಸಕ್ಕೆ ಸೇರಿದ್ದೇನೆ. ಹಳೆಯ ಐ-94 (ಎಲ್ಲಿಯವರೆಗೆ ಇರಬಹುದೆಂಬ ದಾಖಲೆ) ಅವಧಿ ಮುಗಿದಿದೆ.

ಉತ್ತರ: ಹಾಗಾದರೆ ಮೇಲಿನ ಉತ್ತರ ನಿಮಗಲ್ಲ, ನೀವು ಅವಸರಿಸಲೇಬಾರದು. ನಿಮ್ಮ ಕೆಲಸದ ಪರವಾನಗಿ ನಿಂತಿರುವುದೇ ಬಾಕಿಯಿರುವ ಐ-485 ಮೇಲೆ. ಅದು ಹಿಂಪಡೆದು ಹೋದರೂ ತಿರಸ್ಕೃತವಾದರೂ ಕೆಲಸ ನಿಲ್ಲಿಸಬೇಕು, ಅಕ್ರಮ ವಾಸದ ದಿನಗಳ ಎಣಿಕೆಯೂ ಶುರುವಾಗುತ್ತದೆ. 180 ದಿನ ಮೀರಿದ ಮೇಲೆ ದೇಶ ಬಿಟ್ಟರೆ ಮೂರು ವರ್ಷ, ಒಂದು ವರ್ಷ ಆಗಿಹೋಗಿದ್ದರೆ ಹತ್ತು ವರ್ಷ ಒಳಗೆ ಬರುವಂತಿಲ್ಲ. 2025ರ ಫೆಬ್ರುವರಿ 28ರ ನೀತಿಪತ್ರದ ನಂತರ, ಅರ್ಜಿ ತಿರಸ್ಕೃತವಾಗಿ ಬೇರೆ ಆಧಾರವಿಲ್ಲದೆ ಉಳಿದವರಿಗೆ ವಲಸೆ ನ್ಯಾಯಾಲಯದ ನೋಟಿಸ್ ಕೊಡುವುದೇ ಯುಎಸ್‌ಸಿಐಎಸ್‌ನ ಧೋರಣೆ. ಮೊದಲು ಕಂಪನಿಯವರೊಂದಿಗೆ ಮಾತನಾಡಿ. ಹಿಂದೆ ಎಚ್-1ಬಿ ಲಾಟರಿಯಲ್ಲಿ ಎಣಿಕೆಯಾದವರಿಗೆ ಅದರ ಆರು ವರ್ಷದ ಮಿತಿಯಲ್ಲಿ ಉಳಿದ ಅವಧಿಗೆ ಮತ್ತೆ ಲಾಟರಿ ಬೇಡ. ಆದರೆ ಹೊರಗೆ ಹೋಗಿ ಸ್ಟಾಂಪಿಂಗ್ ಮಾಡಿಸಿ ಬರಬೇಕಾದೀತು, ಆಗ ಎಚ್-1ಬಿ ಕುರಿತ 2025ರ ಸೆಪ್ಟೆಂಬರ್‌ನ ಅಧ್ಯಕ್ಷೀಯ ಘೋಷಣೆಯ ಒಂದು ಲಕ್ಷ ಡಾಲರ್ ಪಾವತಿ ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಿ. ಎಲ್ಲಿ ನಿಲ್ಲುತ್ತೀರಿ ಎಂಬುದು ಗೊತ್ತಾದ ಮೇಲೆ ಪತ್ರ.

ಪ್ರಶ್ನೆ (ಶಿವಮೊಗ್ಗದವರು, ಕ್ಯಾಲಿಫೋರ್ನಿಯಾ): ನಾನು ಅರ್ಜಿ ಹಾಕಿದ ಗಂಡ. ಪೌರತ್ವ ಪಡೆದವನು. ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ. "ಕಾರ್ಡಿಗಾಗಿಯೇ ನಿನ್ನನ್ನು ಮದುವೆಯಾದಳು, ಹಾಗೆಂದು ಬರೆದು ಕಳುಹಿಸು" ಎಂದು ಅಣ್ಣ ಹೇಳುತ್ತಿದ್ದಾನೆ. ಆಕೆಯ ಜೀವನಾಧಾರಕ್ಕೆ ನಾನು ಹೊಣೆ ಎಂಬ ಐ-864 ಪತ್ರಕ್ಕೆ ಸಹಿ ಮಾಡಿರುವುದರಿಂದ ನನಗೆ ಭಯ.

ಉತ್ತರ: ಸರ್, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಕೇಳುತ್ತೇನೆ: ಅಣ್ಣ ಹೇಳಿದ್ದು ನಿಮಗೆ ಖಚಿತವಾಗಿ ಗೊತ್ತಿರುವ ಸತ್ಯವೇ, ಅಥವಾ ಈಗಿನ ಸಿಟ್ಟೇ? ಐ-130 ಹಿಂಪಡೆಯಲು ಕಾರಣ ಕೊಡಬೇಕೆಂಬ ನಿಯಮವಿಲ್ಲ, ಒಂದು ವಾಕ್ಯ ಸಾಕು. ಸಿಟ್ಟಿನಲ್ಲಿ "ಇದು ಸುಳ್ಳು ಮದುವೆ" ಎಂದು ಬರೆದರೆ ಆ ಹೆಣ್ಣುಮಗಳ ದಾರಿ ಜೀವನಪೂರ್ತಿ ಮುಚ್ಚಬಹುದು. ಅದೇ ಮದುವೆ ನಿಜವೆಂದು ಪ್ರಮಾಣ ಮಾಡಿ ಸಹಿ ಹಾಕಿದವರಲ್ಲಿ ನೀವೂ ಒಬ್ಬರು. ವಲಸೆ ಕಾನೂನನ್ನು ತಪ್ಪಿಸಲು ಗೊತ್ತಿದ್ದೂ ಮದುವೆಯಾದವರಿಗೆ ಐದು ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ ಇದೆ. ನಿಜವಾಗಿಯೂ ನಿಮಗೆ ಮೋಸವಾಗಿದ್ದು ಪುರಾವೆ ಇದ್ದರೆ ಅದು ಬೇರೆ, ವಕೀಲರ ಮೂಲಕ ಮುಂದುವರಿಯಿರಿ.

ಐ-864 ಜವಾಬ್ದಾರಿ ಶುರುವಾಗುವುದು ಆಕೆಗೆ ಕಾಯಂ ನಿವಾಸ ಸಿಕ್ಕಾಗ. ಅದಕ್ಕೆ ಮೊದಲು ಐ-130 ಹಿಂಪಡೆದರೆ ಆ ಹೊರೆ ನಿಮ್ಮ ಮೇಲೆ ಬರುವುದಿಲ್ಲ. ಕಾರ್ಡ್ ಬಂದ ಮೇಲಾದರೆ ವಿಚ್ಛೇದನವಾದರೂ ಅದು ತಪ್ಪುವುದಿಲ್ಲ. ಆಕೆ ಪೌರತ್ವ ಪಡೆಯುವವರೆಗೆ, ಅಥವಾ ಸುಮಾರು ಹತ್ತು ವರ್ಷಕ್ಕೆ ಸಮನಾದ 40 ತ್ರೈಮಾಸಿಕಗಳ ದುಡಿಮೆ ಲೆಕ್ಕಕ್ಕೆ ಸೇರುವವರೆಗೆ, ಅಥವಾ ನಿವಾಸ ತೊರೆದು ದೇಶ ಬಿಟ್ಟುಹೋಗುವವರೆಗೆ ಉಳಿಯುತ್ತದೆ. ಹಿಂಪಡೆಯುವುದು ನಿಮ್ಮ ಹಕ್ಕು. ಆಕೆಗೆ ಮುಂಚಿತವಾಗಿ ಒಂದು ಮಾತು ತಿಳಿಸಿದರೆ ತನ್ನ ವ್ಯವಸ್ಥೆ ಮಾಡಿಕೊಳ್ಳಲು ಆಕೆಗೆ ಸಮಯ ಸಿಗುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ಅಷ್ಟನ್ನು ಮಾಡುತ್ತಿದ್ದೆ.

ಪ್ರಶ್ನೆ (ಹೆಸರು ಬೇಡ ಎಂದ ಸದಸ್ಯೆ): ಅಕ್ಕಾ, ನನ್ನ ಗಂಡ ಹೊಡೆಯುತ್ತಾರೆ. ಬಾಯಿ ಬಿಟ್ಟರೆ ಅರ್ಜಿ ವಾಪಸ್ ತೆಗೆದು ಊರಿಗೆ ಅಟ್ಟುತ್ತೇನೆ ಎನ್ನುತ್ತಾರೆ. ಅವರು ಅಮೆರಿಕದ ಪ್ರಜೆ.

ಉತ್ತರ: ತಂಗಿ, ಈ ದೇಶದ ಕಾನೂನಿಗೆ ಇಂಥ ಬೆದರಿಕೆ ಹೊಸದಲ್ಲ, ಅದಕ್ಕೆಂದೇ 1994ರಲ್ಲಿ ವಾವಾ (ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ) ಕಾಯ್ದೆ ಬಂದಿತು. ಗಂಡನ ಸಹಿ ಇಲ್ಲದೆ, ಅವರಿಗೆ ತಿಳಿಯದೆ, ನೀವೇ ನಿಮ್ಮ ಪರವಾಗಿ ಐ-360 ಅರ್ಜಿ ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ. ನಿಮ್ಮ ಅರ್ಜಿಯ ಸಂಗತಿಯನ್ನು ಇಲಾಖೆ ಅವರಿಗೆ ತಿಳಿಸುವಂತಿಲ್ಲ, ಅವರೊಬ್ಬರ ಮಾತನ್ನೇ ನಂಬಿ ನಿಮ್ಮ ವಿರುದ್ಧ ತೀರ್ಮಾನಿಸುವಂತೆಯೂ ಇಲ್ಲ. ಹೊಡೆತವಷ್ಟೇ ಅಲ್ಲ, ತೀವ್ರ ಮಾನಸಿಕ ಕ್ರೌರ್ಯವೂ ಇದರಲ್ಲಿ ಸೇರುತ್ತದೆ. ಹಿಂಸೆಯ ಕಾರಣಕ್ಕೆ ವಿಚ್ಛೇದನವಾಗಿದ್ದರೂ ಎರಡು ವರ್ಷದೊಳಗೆ ಸಲ್ಲಿಸಬಹುದು. ನೀವಾಗಿ ಯಾವ ಅರ್ಜಿಯನ್ನೂ ಹಿಂಪಡೆಯಬೇಡಿ, ಅವರು ಮುಂದಿಟ್ಟ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ, ನೋಟಿಸ್‌ಗಳ ಫೋಟೋ ತೆಗೆದು ಅವರ ಕೈಗೆ ಸಿಗದ ಕಡೆ ಇಡಿ. ಕೌಟುಂಬಿಕ ಹಿಂಸೆಯ ರಾಷ್ಟ್ರೀಯ ಸಹಾಯವಾಣಿ 1-800-799-7233ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಭಾಷಿಯನ್ನು ಕೇಳಬಹುದು. ಪ್ರಾಣಕ್ಕೆ ಅಪಾಯವಿದ್ದರೆ 911. ಅವರು ನೋಡದ ಫೋನಿನಿಂದ ಇಂದೇ ನನಗೆ ಖಾಸಗಿಯಾಗಿ ಬರೆಯಿರಿ.

ಪ್ರಶ್ನೆ (ದಾವಣಗೆರೆಯಿಂದ ಒಬ್ಬ ತಂದೆ): ಮಗಳು ಇಲ್ಲೇ ಇದ್ದಾಳೆ. ಅಳಿಯ ಅಮೆರಿಕದಿಂದ ಹಾಕಿದ ಐ-130 ಮಂಜೂರಾಗಿದೆ, ವೀಸಾ ಸಂದರ್ಶನ ಬಾಕಿ ಇದೆ. ಈಗ ಅಲ್ಲಿಯ ಕೋರ್ಟಿನಲ್ಲಿ ವಿಚ್ಛೇದನ ಪಡೆಯುತ್ತೇನೆ ಎನ್ನುತ್ತಿದ್ದಾರೆ.

ಉತ್ತರ: ಯಜಮಾನರೇ, ಅಳಿಯ ಲಿಖಿತವಾಗಿ ಹಿಂಪಡೆದರೂ ವಿಚ್ಛೇದನವಾದರೂ ಆ ಮಂಜೂರಾತಿ ತಾನಾಗಿ ರದ್ದಾಗುತ್ತದೆ. ಮಗಳು ಬೇರೇನೂ ಮಾಡಬೇಕಿಲ್ಲ. ನಾನು ಹೆಚ್ಚು ಯೋಚಿಸುವುದು ವಿಚ್ಛೇದನದ ಬಗ್ಗೆ. ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಗೆ, ಮಗಳು ಒಪ್ಪದೆ, ಹಾಜರಾಗದೆ ವಿದೇಶಿ ಕೋರ್ಟು ಕೊಟ್ಟ ತೀರ್ಪು ಇಲ್ಲಿ ಊರ್ಜಿತವಾಗುವುದು ಕಷ್ಟ. 1991ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಅಂಥ ತೀರ್ಪನ್ನು ನಂಬಿ ಮಗಳಿಗೆ ಮರುಮದುವೆ ಮಾಡಬೇಡಿ. ಇಬ್ಬರಿಗೂ ಒಪ್ಪಿಗೆಯಿದ್ದರೆ ಊರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಅದೇ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಸಮ್ಮತಿಯ ಅರ್ಜಿ ಹಾಕಿ. ಒಂದು ವರ್ಷ ಬೇರೆಯಾಗಿದ್ದಿರಬೇಕು. ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಕೋರ್ಟು ಮನ್ನಾ ಮಾಡಬಹುದೆಂದು 2017ರ ತೀರ್ಪಿದೆ.

ಪ್ರಶ್ನೆ (ಹಾಸನದ ಸದಸ್ಯೆ): ಧನ್ಯವಾದ ಮೇಡಂ. ಕೊನೆಯದಾಗಿ ಒಂದು: ನೋಟಿಸ್‌ಗಳೆಲ್ಲ ಇನ್ನೂ ಅವರ ಮನೆಗೇ ಹೋಗುತ್ತಿವೆ.

ಉತ್ತರ: ಮೊದಲು ಮಾಡಬೇಕಾದದ್ದು ಅದೇ. ಮನೆ ಬದಲಿಸಿದ ಹತ್ತು ದಿನದೊಳಗೆ ಹೊಸ ವಿಳಾಸ ತಿಳಿಸಬೇಕು, ಅವಧಿ ಮೀರಿದ್ದರೂ ಇವತ್ತೇ ನಿಮ್ಮ ಯುಎಸ್‌ಸಿಐಎಸ್ ಖಾತೆಯಲ್ಲಿ ಬದಲಿಸಿ. ಖಾತೆಯ ಪಾಸ್‌ವರ್ಡ್ ಅವರಿಗೂ ಗೊತ್ತಿದ್ದರೆ ಅದನ್ನೂ ಬದಲಿಸಿ. ಹಿಂಪಡೆಯುವ ಪತ್ರದಲ್ಲಿ ಹೊಸ ವಿಳಾಸವನ್ನೇ ಬರೆಯಿರಿ, ಸ್ವೀಕೃತಿ ನಿಮ್ಮ ಕೈಗೇ ಬರಲಿ.