ಅಪ್‌ಡೇಟ್: ನ್ಯೂಟ್ರಲ್ ತಂತಿ ಬಿಸಿಯಾಗುತ್ತಿದ್ದುದರ ಕಾರಣ ತಿಳಿಯಿತು

ಮಡಿಕೇರಿಯ ನಮ್ಮ ಲಾಡ್ಜಿನಲ್ಲಿ ಮೂರೂ ಫೇಸುಗಳ (ಕರೆಂಟು ತರುವ ಮೂರು ತಂತಿಗಳ) ಲೋಡು ಸಮನಾಗಿದ್ದರೂ ನ್ಯೂಟ್ರಲ್ ತಂತಿ (ಕರೆಂಟು ಮರಳುವ ತಂತಿ) ಏಕೆ ಬಿಸಿಯಾಗುತ್ತದೆ ಎಂದು ಹಿಂದೆ ಕೇಳಿದ್ದೆ. ಟ್ರೂ ಆರ್‌ಎಂಎಸ್ ಕ್ಲ್ಯಾಂಪ್ ಮೀಟರಿನಿಂದಲೇ (ಕರೆಂಟಿನ ಅಲೆ ಅಂಕುಡೊಂಕಾಗಿದ್ದರೂ ಸರಿಯಾಗಿ ಅಳೆಯುವ, ತಂತಿಯ ಸುತ್ತ ಹಿಡಿಸುವ ಮೀಟರು) ಅಳೆಯಬೇಕೆಂದು ತಿಳಿಸಿದವರಿಗೆ ನಾನು ಋಣಿ. ಪ್ರತಿ ಫೇಸಿನಲ್ಲಿ ಸುಮಾರು 18 ಆಂಪಿಯರ್ ಇದ್ದಾಗ ನ್ಯೂಟ್ರಲ್‌ನಲ್ಲಿ 24 ಆಂಪಿಯರ್ ಹರಿಯುತ್ತಿತ್ತು. ಎಲ್‌ಇಡಿ ದೀಪಗಳಿಗೆ ಕರೆಂಟು ಒದಗಿಸುವ ಡ್ರೈವರ್, ಟಿವಿ, ಕಂಪ್ಯೂಟರುಗಳು ಕರೆಂಟನ್ನು ಒಂದೇ ಸಮನೆ ಎಳೆಯದೆ, ವೋಲ್ಟೇಜು ತುದಿಗೇರಿದಾಗ ಮಾತ್ರ ಗಕ್ಕನೆ ಎಳೆದುಕೊಳ್ಳುವುದರಿಂದ, 50 ಹರ್ಟ್ಸ್‌ನ ಮೂಲ ಕರೆಂಟಿನೊಂದಿಗೆ 150 ಹರ್ಟ್ಸ್‌ನ ಮೂರನೇ ಹಾರ್ಮೋನಿಕ್ (ಮೂಲದ ಮೂರು ಪಟ್ಟು ವೇಗವಾಗಿ ಏರಿಳಿಯುವ ಕರೆಂಟು) ಕೂಡ ಹುಟ್ಟುತ್ತದೆ; ಮೂಲ ಕರೆಂಟುಗಳು ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಅಳಿಸಿಹಾಕಿದರೂ, ಈ ಹಾರ್ಮೋನಿಕ್‌ಗಳು ಮೂರೂ ಫೇಸುಗಳಲ್ಲಿ ಒಂದೇ ಕಾಲಕ್ಕೆ ಏರಿಳಿಯುವುದರಿಂದ ಅಲ್ಲಿ ಒಟ್ಟುಗೂಡುತ್ತವೆ. ನಮ್ಮ ಹಳೆಯ ನ್ಯೂಟ್ರಲ್ ಫೇಸ್ ತಂತಿಯ ಅರ್ಧ ಗಾತ್ರದ್ದಾಗಿತ್ತು, ಟರ್ಮಿನಲ್ ಬಳಿ ಅದರ ಇನ್ಸುಲೇಷನ್ ಕಂದುಬಣ್ಣಕ್ಕೆ ತಿರುಗಿತ್ತು. ಈಗ ಫೇಸಿನ ಎರಡರಷ್ಟು ಗಾತ್ರದ ತಾಮ್ರದ ತಂತಿ ಹಾಕಿಸಿದ್ದೇವೆ. ಹಾರ್ಮೋನಿಕ್ ಇದರಿಂದ ಕಡಿಮೆಯಾಗುವುದಿಲ್ಲ, ಬಿಸಿ ಮಾತ್ರ ತಗ್ಗಿದೆ; ಹಾರ್ಮೋನಿಕ್ ತಗ್ಗಿಸುವ ಫಿಲ್ಟರ್ ಅಳವಡಿಸುವ ವಿಚಾರವನ್ನು ಎಲೆಕ್ಟ್ರಿಷಿಯನ್ನರೊಂದಿಗೆ ಚರ್ಚಿಸುತ್ತಿದ್ದೇವೆ.